ಬೋಲ್ಟಿನ ತಲೆ ನೋಡಿ

ಹಳೆಯ ಕಾರಿನ ಬಾನೆಟ್ ಎತ್ತಿದ ಕೂಡಲೇ ಎಲ್ಲರ ಕಣ್ಣೂ ಎಂಜಿನ್ ಮೇಲೆ. ನಾನು ಫೆಂಡರಿನ ಅಂಚಿಗೆ ಬಗ್ಗಿ ಬೋಲ್ಟು ನೋಡುತ್ತೇನೆ. ಎಷ್ಟೋ ಕಾರುಗಳಿಗೆ ಫೆಂಡರ್ ಬಿಗಿದ ಮೇಲೆಯೇ ಬಣ್ಣ ಹೊಡೆಯುವುದರಿಂದ ಬೋಲ್ಟಿನ ತಲೆಗೂ ಅದೇ ಬಣ್ಣ ಕೂತಿರುತ್ತದೆ. ಒಮ್ಮೆ ಸ್ಪ್ಯಾನರ್ ತಾಗಿತೋ, ಮೂಲೆಯಲ್ಲಿ ಬಣ್ಣ ಹಾರಿ ಲೋಹ ಇಣುಕುತ್ತದೆ. ಬೋಲ್ಟು ತನ್ನ ಹಳೆಯ ಗುರುತಿನಿಂದ ಕೂದಲೆಳೆಯಷ್ಟು ಸರಿದಿದ್ದರೂ ಯಾರೋ ಬಿಚ್ಚಿ ಹಾಕಿದ್ದಾರೆ ಅಂತಲೇ ಲೆಕ್ಕ. ಈಚೆಗೆ ನ್ಯೂಜೆರ್ಸಿಯಲ್ಲಿ ನೋಡಿದ ಲ್ಯಾನ್ಸರ್ ಎವಲ್ಯೂಷನ್ 6ರಲ್ಲಿ ಒಂದೇ ಒಂದು ಬೋಲ್ಟೂ ಅಲುಗಿರಲಿಲ್ಲ. ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ಅಮೆರಿಕದಲ್ಲಿ 25 ವರ್ಷ ದಾಟಿದ ಕಾರನ್ನು ಹೊರದೇಶದಿಂದ ತರಿಸಬಹುದು. ಹಾಗಾಗಿ ಜಪಾನಿನಿಂದ ಬಲಗಡೆ ಸ್ಟಿಯರಿಂಗಿನ ಎವೊಗಳು ಬರುತ್ತಿವೆ. ಹಾಸನದಲ್ಲಿ ಗಾಡಿ ಕಲಿತ ನನಗೆ ಅದೇ ಒಂದು ಸುಖ. ಡ್ರೈವ್-ಥ್ರೂನಲ್ಲಿ ಕಾಫಿ ಇಸಿದುಕೊಳ್ಳಲು ಮಾತ್ರ ಪಕ್ಕದಲ್ಲಿ ಹೆಂಡತಿ ಇರಲೇಬೇಕು.

ನಮ್ಮ ಬಳಗದ ರಾಯರದು ಬೆಂಜ್ 500ಇ. "ಅಲ್ಲಯ್ಯಾ, ಆ ಪ್ಲಾಸ್ಟಿಕ್ ಡಬ್ಬಕ್ಕೆ ಇಷ್ಟು ದುಡ್ಡಾ?" ಎನ್ನುತ್ತಾರೆ. ಅವರ ಹೆಮ್ಮೆಗೆ ಕಾರಣವಿದೆ: ಅಗಲ ಹೆಚ್ಚಾಗಿ ಬೆಂಜ್‌ನ ಸ್ವಂತ ಅಸೆಂಬ್ಲಿ ಸಾಲಿನಲ್ಲಿ ಹಿಡಿಸದ ಆ ಕಾರನ್ನು ಪೋರ್ಷೆಯವರು ಜೋಡಿಸಿಕೊಟ್ಟರು. ಒಂದೊಂದಕ್ಕೂ ಹದಿನೆಂಟು ದಿನ ಹಿಡಿಯುತ್ತಿತ್ತು. "ಸರಿ ರಾಯರೇ, ಎಂಜಿನ್ ವೈರಿಂಗ್ ಬದಲಾಯಿಸಿದ್ರಾ?" ಎಂದರೆ ಮಾತು ಬೇರೆ ಕಡೆ ಹೊರಳುತ್ತದೆ. ಆ ಕಾಲದ ಹಲವು ಬೆಂಜ್‌ಗಳಲ್ಲಿ ವೈರಿನ ಹೊದಿಕೆ ಶಾಖಕ್ಕೆ ಪುಡಿಪುಡಿಯಾಗುತ್ತದೆ. ಎವೊ ಹುಟ್ಟಿದ್ದೇ ಬೇರೆ ಹಟಕ್ಕೆ: ರ‍್ಯಾಲಿಗೆ ಇಳಿಸಬೇಕಾದರೆ ಅದೇ ಮಾದರಿಯನ್ನು ಜನರಿಗೂ ಮಾರಬೇಕಿತ್ತು. 1996ರಿಂದ 1999ರವರೆಗೆ ಟೊಮ್ಮಿ ಮ್ಯಾಕಿನೆನ್ ನಾಲ್ಕು ಸಲ ವಿಶ್ವ ಚಾಂಪಿಯನ್ ಆದದ್ದು ಲ್ಯಾನ್ಸರಿನಲ್ಲೇ. ಡ್ಯಾಶ್‌ಬೋರ್ಡಿಗೆ ಮರ ಹಚ್ಚಲು ಅದನ್ನು ಕಟ್ಟಿದವರಿಗೆಲ್ಲಿ ಪುರುಸೊತ್ತು?

ಹಾಗಂತ ಎವೊ ಬಳಗದವರೇನೂ ಸಾಚಾ ಅಲ್ಲ. ಜಪಾನಿನ ಹರಾಜಿನಲ್ಲಿ ಕಾರಿನ ಸ್ಥಿತಿ ಬರೆದಿಡುವ ಶೀಟೇ ಅವರಿಗೆ ವೇದ. ಕಾರಿನ ನಕ್ಷೆಯ ಮೇಲೆ ಗೀರಿಗೆ 'ಎ', ನೆಗ್ಗಿಗೆ 'ಯು', ಟಿಂಕರಿಂಗ್ ಆದ ಕಡೆ 'ಡಬ್ಲ್ಯು'. ಗ್ರೇಡು ನಾಲ್ಕೂವರೆ ಅಂದರೆ ಕಣ್ಣುಮುಚ್ಚಿ ದುಡ್ಡು ಕಳಿಸುತ್ತಾರೆ. ಆ ಶೀಟು ಬರೆದಾದ ಮೇಲೆ ಕಾರು ಎಲ್ಲೆಲ್ಲಿ ಗುದ್ದಿತೆಂದು ಬೋಲ್ಟು ಹೇಳುತ್ತದೆ, ಶೀಟು ಹೇಳುವುದಿಲ್ಲ.

ಇವರಿಬ್ಬರನ್ನೂ ಸಹಿಸಿಯೇನು. ಓಡಿಸದೆ ಕೂಡಿಡುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. 400 ಪಿಎಸ್ ಶಕ್ತಿಯ ಬಿಎಂಡಬ್ಲ್ಯು ಎಂ5 ಒಂದನ್ನು ತೋರಿಸಿ ಒಬ್ಬ ಪುಣ್ಯಾತ್ಮ "ಟೈರ್ ಕೂಡ ಒರಿಜಿನಲ್" ಎಂದು ಬೀಗಿದ. ಬಗ್ಗಿ ನೋಡಿದೆ: 3200. ಅಂದರೆ 2000ನೇ ಇಸವಿಯ 32ನೇ ವಾರ! ಆ ಗಟ್ಟಿ ರಬ್ಬರಿನ ಮೇಲೆ ಮಳೆಯಲ್ಲಿ ಬ್ರೇಕ್ ಒತ್ತಿದರೆ ಕಾರೂ ಇಲ್ಲ, ಸಂಗ್ರಹಕಾರನೂ ಇಲ್ಲ. ನಿಂತ ಕಾರಿನಲ್ಲಿ ಸೀಲುಗಳು ಒಣಗಿ ಆಯಿಲ್ ಜಿನುಗುತ್ತದೆ, ಟ್ಯಾಂಕಿನ ಪೆಟ್ರೋಲು ಕೆಡುತ್ತದೆ. ಬೀರುವಿನಲ್ಲೇ ಇಟ್ಟ ರೇಷ್ಮೆ ಸೀರೆ ಮಡಿಕೆಯಲ್ಲೇ ಹರಿಯುತ್ತದೆಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಈ ಮಹನೀಯರಿಗೆ ಗೊತ್ತಿಲ್ಲ. ಮೀಟರಿನಲ್ಲಿ ಅಂಕಿ ಕಮ್ಮಿಯಿದ್ದಷ್ಟೂ ಬೆಲೆ ಜಾಸ್ತಿ ಮಾಡಿ, ಓಡಲೆಂದೇ ಹುಟ್ಟಿದ ಕಾರುಗಳನ್ನು ಷೇರುಪತ್ರ ಮಾಡಿಟ್ಟಿದ್ದಾರೆ.

ಜಪಾನಿಯೋ ಜರ್ಮನೋ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಬೋಲ್ಟು ಅಲುಗಿರಬಾರದು, ಟೈರ್ ಹೊಸದಿರಬೇಕು, ಮೀಟರ್ ಚೆನ್ನಾಗಿ ಓಡಿರಬೇಕು. ಅಂಥದ್ದು ಸಿಕ್ಕರೆ ದೇಶ ಕೇಳಬೇಡಿ, ಕೊಂಡುಬಿಡಿ. ಕೊಂಡ ಮೇಲೆ ದಯವಿಟ್ಟು ಓಡಿಸಿ.