ಸಣ್ಣ ಕರುಳಿನ ಕುಚ್ಚುಗಳು

ಮಳೆ ಹಿಡಿದ ಮಧ್ಯಾಹ್ನ ಸೂಕ್ಷ್ಮದರ್ಶಕದ ಮುಂದೆ ಕೂತರೆ ನನ್ನ ಕೈ ತಾನಾಗಿ ಸಣ್ಣ ಕರುಳಿನ ಸ್ಲೈಡಿಗೆ ಹೋಗುತ್ತದೆ. ಪೆಟ್ಟಿಗೆಯಲ್ಲಿ ಯಕೃತ್ತಿದೆ, ಮೂತ್ರಪಿಂಡವಿದೆ. ಅವುಗಳ ಅಂದ ಅವಕ್ಕೆ. ಪಾಠ ಹೇಳಿದ ಇಷ್ಟು ವರ್ಷಗಳಲ್ಲಿ ಮತ್ತೆ ಮತ್ತೆ ನೋಡಬೇಕೆನಿಸಿದ್ದು ಇದನ್ನೇ. 5 ಮೈಕ್ರಾನ್ ತೆಳುವಿನ ಹೋಳು. ಇಂಥ 200 ಹೋಳು ಒಂದರ ಮೇಲೊಂದಿಟ್ಟರೆ ಒಂದು ಮಿಲಿಮೀಟರ್ ಆದೀತು. ಹೆಮಟಾಕ್ಸಿಲಿನ್ ಕುಡಿದ ಕೋಶಕೇಂದ್ರಗಳು ನೇರಳೆ, ಇಯೋಸಿನ್ ಕುಡಿದ ಉಳಿದೆಲ್ಲ ಗುಲಾಬಿ.

ಹೊರಪೊರೆ, ಎರಡು ಸುತ್ತು ಸ್ನಾಯು, ಅವುಗಳ ಸಂದಿಯಲ್ಲಿ ಗುಂಪುಗೂಡಿದ ನರಕೋಶಗಳನ್ನು ದಾಟಿ ಒಳಗೆ ಬಂದರೆ ವಿಲ್ಲೈ. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ರೋಮದ ಕುಚ್ಚು ಎಂದರ್ಥ. ನಾನು ಕುಚ್ಚು ಎಂದೇ ಕರೆಯುತ್ತೇನೆ. ಅರ್ಧದಿಂದ ಒಂದು ಮಿಲಿಮೀಟರ್ ಎತ್ತರ. ಕರುಳಿನ ತುಂಡನ್ನು ನೀರಿನಲ್ಲಿ ಬಿಟ್ಟರೆ ಬರಿಗಣ್ಣಿಗೂ ಮಖಮಲ್ಲಿನಂತೆ ಕಾಣುತ್ತವೆ. ಕುಚ್ಚಿನ ಮೈಮೇಲೆ ಒಂದೇ ಒಂದು ಸಾಲು ಕೋಶ. ಉಂಡ ಅನ್ನಕ್ಕೂ ನಮ್ಮ ಒಡಲಿಗೂ ನಡುವಿನ ಗೋಡೆ ಅಷ್ಟೇ ದಪ್ಪ! ಆ ಸಾಲಿನ ನಡುನಡುವೆ ಲೋಳೆ ತುಂಬಿಕೊಂಡ ಲೋಟದಂಥ ಕೋಶಗಳು, ಈ ಬಣ್ಣಗಳನ್ನು ಹಿಡಿಯದೆ ಬಿಳಿಚಿಕೊಂಡು ನಿಂತಿರುತ್ತವೆ.

ಹೀರುವ ಒಂದೊಂದು ಕೋಶದ ನೆತ್ತಿಯಲ್ಲೂ ಮತ್ತೆ ಮೂರು ಸಾವಿರದಷ್ಟು ಎಳೆಗಳಿವೆ. ನನ್ನ ಸೂಕ್ಷ್ಮದರ್ಶಕಕ್ಕೆ ಅವು ಬರೀ ಒಂದು ಗುಲಾಬಿ ಗೆರೆ. ಇದನ್ನೆಲ್ಲ ಬಿಡಿಸಿ ಹಾಸಿದರೆ ಟೆನಿಸ್ ಅಂಗಳದಷ್ಟು ಎಂದು ನಾವು ಓದಿದ್ದೆವು, ಓದಿಸಿದ್ದೆವು. 2014ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು ಹೊಸದಾಗಿ ಅಳೆದಾಗ ಇಡೀ ಜೀರ್ಣನಾಳದ ಒಳಮೈ ಸುಮಾರು 32 ಚದರ ಮೀಟರ್ ಎಂದಾಯಿತು. ನನಗೇನೂ ಬೇಸರವಾಗಲಿಲ್ಲ. ದೊಡ್ಡ ಹಜಾರವೊಂದನ್ನು ಹೊಟ್ಟೆಯೊಳಗೆ ಮಡಿಚಿಟ್ಟಿರುವುದು ಕಡಿಮೆ ಸೋಜಿಗವೇ?

ಕುಚ್ಚುಗಳ ಬುಡದಲ್ಲಿ ಲೀಬರ್‌ಕ್ಯೂನ್ 1745ರಲ್ಲಿ ವಿವರಿಸಿದ ಕುಳಿಗಳಿವೆ. ಅವುಗಳ ತಳದಲ್ಲಿ ಕೆಂಪು ಕಾಳು ತುಂಬಿಕೊಂಡು ರೋಗಾಣುಗಳಿಂದ ಕರುಳನ್ನು ಕಾಯುವ ಪಾನೆತ್ ಕೋಶಗಳು. ವಿಯೆನ್ನಾದ ಯೋಸೆಫ್ ಪಾನೆತ್ 1888ರಲ್ಲಿ ಅವುಗಳನ್ನು ಬಣ್ಣಿಸಿದ. ಎರಡು ವರ್ಷಕ್ಕೆ ತೀರಿಕೊಂಡ, ಇನ್ನೂ ಎಳೆಯ ಪ್ರಾಯದಲ್ಲೇ. ಅವುಗಳ ಪಕ್ಕದಲ್ಲೇ ಹೊಸ ಕೋಶಗಳು ಹುಟ್ಟುತ್ತವೆ. ಒಂದನ್ನೊಂದು ಒತ್ತಿಕೊಂಡು ಮೇಲೇರಿ, ಮೂರರಿಂದ ಐದು ದಿನಕ್ಕೆ ಕುಚ್ಚಿನ ತುದಿ ಮುಟ್ಟಿ ಕಳಚಿ ಬೀಳುತ್ತವೆ. ಹೋದ ವಾರ ನನಗೆ ಅನ್ನ ಅರಗಿಸಿಕೊಟ್ಟವು ಇವತ್ತು ಇಲ್ಲ.

ನನ್ನನ್ನು ಇಲ್ಲಿ ಹಿಡಿದು ನಿಲ್ಲಿಸುವುದು ಇನ್ನೊಂದು ಸಂಗತಿ. ತುದಿ ಹೀರುತ್ತದೆ, ಕುಳಿ ಸುರಿಸುತ್ತದೆ. ಕಾಲರಾದಲ್ಲಿ ಈ ಲೆಕ್ಕ ತಪ್ಪುತ್ತದೆ. ಸೂಕ್ಷ್ಮಾಣುವೇ ಬೇಡ, ಅದು ಬಿಟ್ಟ ವಿಷ ಸಾಕು ಎಂದು 1959ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ಮೊಲದ ಕರುಳಿನಲ್ಲಿ ತೋರಿಸಿದರು. ಕುಳಿಗಳು ಕಟ್ಟೆಯೊಡೆದಂತೆ ನೀರು ಸುರಿಸುತ್ತವೆ. ಕುಚ್ಚುಗಳು ಮಾತ್ರ ಮುಕ್ಕಾಗದೆ ನಿಂತಿರುತ್ತವೆ. ಸಕ್ಕರೆಯೂ ಉಪ್ಪೂ ಜೊತೆಯಾಗಿ ಒಳಬರುವ ಬಾಗಿಲು ಅಲ್ಲಿ ತೆರೆದೇ ಇರುತ್ತದೆ, ಅವುಗಳ ಹಿಂದೆಯೇ ನೀರು. 1971ರಲ್ಲಿ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬಿಸ್ ಆ ಬಾಗಿಲನ್ನೇ ನಂಬಿ, ಉಪ್ಪು ಗ್ಲೂಕೋಸ್ ಬೆರೆಸಿದ ನೀರು ಕುಡಿಸಿ ಸಾವಿರಾರು ಜನರನ್ನು ಉಳಿಸಿಕೊಂಡರು.

ಚಿಕ್ಕಂದಿನಲ್ಲಿ ನನಗೆ ಭೇದಿ ಹತ್ತಿದಾಗ ಅಜ್ಜಿ ಅಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಕುಡಿಸುತ್ತಿದ್ದಳು. ಗಂಜಿಯ ಪಿಷ್ಟ ಒಡೆದು ಕೊನೆಗೆ ಗ್ಲೂಕೋಸ್ ಆಗುವುದು ಆ ಗುಲಾಬಿ ಗೆರೆಯ ಮೇಲೆಯೇ. ಬಟ್ಟಲು ಪೂರ್ತಿ ಕೈಗೆ ಕೊಡುತ್ತಿರಲಿಲ್ಲ. ಒಂದು ಚಮಚ ಕುಡಿಸಿ, ಅದು ಇಳಿಯಿತೇ ಎಂದು ನನ್ನ ಮುಖವನ್ನೇ ನೋಡುತ್ತ, ಇನ್ನೊಂದು ಚಮಚ ತುಂಬಿಕೊಂಡು ಕಾಯುತ್ತಿದ್ದಳು.