ಅಜ್ಜಿಯ ಹುಂಜವು ಕಡಲಾಚೆ ಹೋದುದು

ತನ್ನ ಹುಂಜವು ಕೂಗದಿದ್ದರೆ ಊರಿಗೆ ಬೆಳಗಾಗದೆಂದು ಜಂಬಪಟ್ಟ ಮುದುಕಿಯ ಕಥೆಯನ್ನು ಕೇಳದೆ ಬೆಳೆದ ಕನ್ನಡದ ಮಕ್ಕಳು ವಿರಳವೆಂದೇ ಹೇಳಬೇಕು. ಹಾರಂಗಿಯು ಕೂಡಿಗೆಯಲ್ಲಿ ಕಾವೇರಿಯನ್ನು ಸೇರುವ ಈ ಸೀಮೆಯಲ್ಲಿ, ಹೊರಗೆ ಆಷಾಢದ ಮಳೆಯು ಸುರಿಯುತ್ತಿರಲು, ಒಲೆಯ ಮುಂದೆ ಕುಳಿತು ನಾವೂ ಅದನ್ನು ಕೇಳಿದೆವು. ಮುದುಕಿಯು ಸಿಟ್ಟುಗೊಂಡು ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಕಾಡಿಗೆ ಹೋಗುವಳು, ಸೂರ್ಯನಾದರೋ ಎಂದಿನಂತೆಯೇ ಮೂಡುವನು, ನಾವೆಲ್ಲರೂ ನಗುವೆವು. ಕಥೆ ಹೇಳಿದ ಅಜ್ಜಿಯವರೂ ನಗುತ್ತಿದ್ದರು. ಆ ನಗೆಯಲ್ಲಿ ಬೇರೇನಾದರೂ ಇದ್ದಿತೋ ಎಂದು ವಿಚಾರಿಸುವ ವಯಸ್ಸು ನಮ್ಮದಾಗಿರಲಿಲ್ಲ.

2024ನೆಯ ಇಸವಿಯ ಮೇ ತಿಂಗಳಲ್ಲಿ ಈ ಹುಂಜವು ಫ್ರಾನ್ಸ್ ದೇಶದ ಕಾನ್ ಪಟ್ಟಣದವರೆಗೂ ಹೋಯಿತು. ಮೈಸೂರಿನಲ್ಲಿ ವೈದ್ಯಶಾಸ್ತ್ರವನ್ನು ಓದಿ, ಬಳಿಕ ಪುಣೆಯ ಚಲನಚಿತ್ರ ವಿದ್ಯಾಲಯವನ್ನು ಸೇರಿದ ಚಿದಾನಂದ ನಾಯ್ಕರು, ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಎಂಬ ಹೆಸರಿನಿಂದ ತಯಾರಿಸಿದ ಹದಿನಾರು ನಿಮಿಷಗಳ ಕನ್ನಡ ಚಿತ್ರವು ಅಲ್ಲಿ ವಿದ್ಯಾರ್ಥಿಗಳಿಗಾಗಿ ಏರ್ಪಟ್ಟ ಲಾ ಸಿನೆಫ್ ವಿಭಾಗದಲ್ಲಿ ಪ್ರಥಮ ಬಹುಮಾನವನ್ನು ಪಡೆಯಿತು. ಪ್ರಪಂಚದ 555 ವಿದ್ಯಾಲಯಗಳಿಂದ ಬಂದ 2,263 ಚಿತ್ರಗಳಲ್ಲಿ ಹದಿನೆಂಟು ಮಾತ್ರ ಆಯ್ಕೆಯಾಗಿದ್ದುವಂತೆ. ಮೀರತ್ತಿನ ಮಾನಸಿ ಮಹೇಶ್ವರಿಯೆಂಬ ತರುಣಿಯು, ತಾಯಿಯು ಮಗುವಿಗೆ ಹೇಳಿದ ಸುಳ್ಳನ್ನು ಕುರಿತು ಚಿತ್ರಿಸಿದ ‘ಬನ್ನಿಹುಡ್’ ಎಂಬುದಕ್ಕೂ ಅದೇ ವಿಭಾಗದಲ್ಲಿ ಮೂರನೆಯ ಬಹುಮಾನವು ದೊರೆಯಿತು. ಮಕ್ಕಳ ಕೋಣೆಯ ಮಾತುಗಳು ಅಷ್ಟು ದೂರ ಹೋದುವೆಂದು ನಮಗೆ ಸಂತೋಷವಾಯಿತು.

ಆದರೆ ಚಿತ್ರದಲ್ಲಿ ಕಥೆಯು ಬೇರೆಯಾಗಿದೆ. ಮುದುಕಿಯು ಊರಿನ ಹುಂಜವನ್ನು ಕದಿಯುವಳು. ಸೂರ್ಯನು ನಿಜವಾಗಿಯೂ ಮೂಡನು. ಊರವರು ಆಕೆಯ ಕುಟುಂಬವನ್ನೇ ಹೊರಗಟ್ಟುವರು. ಕೋಳಿಯು ಕೂಗಿದಾಗ ಪೇತ್ರನು ಹೊರಗೆ ಹೋಗಿ ಅತ್ತ ವೃತ್ತಾಂತವನ್ನು ಸತ್ಯವೇದದ ಪಾಠದಲ್ಲಿ ಕಲಿತ ನಮಗೆ, ಕೋಳಿಯ ಕೂಗಿಗೂ ಮನುಷ್ಯನ ತಪ್ಪಿಗೂ ಇರುವ ನಂಟು ಹೊಸದಲ್ಲ. ಆದಾಗ್ಯೂ ಪೇತ್ರನು ಒಬ್ಬನೇ ಅತ್ತನು. ಇಲ್ಲಿ ಮನೆಮಂದಿಯೆಲ್ಲರೂ ದಂಡವನ್ನು ತೆರಬೇಕಾಯಿತು.

(ಹುಂಜಕ್ಕೆ ಬೆಳಕಿನ ಹಂಗಿಲ್ಲವೆಂಬುದನ್ನೂ ಇಲ್ಲಿ ಹೇಳಬಹುದು. ಮಂದವಾದ ಬೆಳಕಿನಲ್ಲಿಯೇ ಸದಾ ಇರಿಸಿದರೂ ಅದು ತನ್ನೊಳಗಿನ ಗಡಿಯಾರದಂತೆ ಕೂಗುವುದೆಂದು ಜಪಾನಿನ ನಾಗೋಯಾ ವಿಶ್ವವಿದ್ಯಾನಿಲಯದ ವಿದ್ವಾಂಸರು 2013ರಲ್ಲಿ ತೋರಿಸಿಕೊಟ್ಟರು. ಮುದುಕಿಯ ಪಕ್ಷದಲ್ಲಿ ಅಷ್ಟಾದರೂ ಸಾಕ್ಷ್ಯ ದೊರೆತಂತಾಯಿತು.)

ಈ ಕಥಾಸಾರವನ್ನು ನಮ್ಮ ವೃದ್ಧ ತಾಯಿಯವರಿಗೆ ಓದಿ ಹೇಳಿದೆವು. ಕಣ್ಣು ಮಂಜಾದ ಮೇಲೆ ಅವರು ಮಾತನ್ನು ಬಹಳ ಕಡಿಮೆ ಮಾಡಿದ್ದರು. ಮನೆಯಲ್ಲಿ ತಮ್ಮಿಂದ ಯಾವ ಕೆಲಸವೂ ಆಗದೆಂಬ ಕೊರಗು ಅವರಿಗಿತ್ತು. ಬಹುಮಾನದ ಸಂಗತಿಯನ್ನು ಅವರು ಲಕ್ಷಿಸಲಿಲ್ಲ. “ಮಕ್ಕಳನ್ನೂ ಅಟ್ಟಿಬಿಟ್ಟರೋ?” ಎಂದು ಎರಡು ಸಲ ಕೇಳಿದರು. ಅನಂತರ, “ನಮ್ಮ ಕಥೆ ಹಾಗಲ್ಲ, ಅದನ್ನು ಕೂಸಿಗೆ ಸರಿಯಾಗಿ ಹೇಳಬೇಕು” ಎಂದರು. ಕೂಸು ಎಂದರೆ ಬೆಂಗಳೂರಿನಲ್ಲಿ ಓದುವ ಮರಿಮಗಳು. ಆ ಸಂಜೆ ದೂರವಾಣಿಯಲ್ಲಿ ಕಥೆಯು ಸಾಗಿತು. ಮುದುಕಿಯು ಕಾಡನ್ನು ಸೇರಿದೊಡನೆ ಮಗುವು, “ಅಲ್ಲಿ ಕೋಳಿಗೆ ಊಟ ಯಾರು ಹಾಕಿದರು?” ಎಂದಿತು. ಎಂಬತ್ತು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆಯಿದು! ತಾಯಿಯವರು ಆಲೋಚಿಸಿ, ನಾಳೆ ಹೇಳುವೆನೆಂದರು.

ಮರುದಿನ ಇನ್ನೂ ಕತ್ತಲಿರುವಾಗಲೇ, ಉತ್ತರವು ಹೊಳೆದಿದೆ, ಬೆಂಗಳೂರಿಗೆ ಕರೆಮಾಡಿರೆಂದು ಅವರು ನಮ್ಮೆಲ್ಲರನ್ನೂ ಕೂಗಿ ಎಬ್ಬಿಸಿದರು.