ಅಜ್ಜಿಯ ಡಾಬು ಮತ್ತು 100 ಅಡಿ ಫಿಲ್ಮು

ಹೋದ ಬೇಸಿಗೆಯ ಒಂದು ರಾತ್ರಿ, ಮಾಡದಕೆರೆಯ ನಮ್ಮ ಮನೆಯ ಬಚ್ಚಲಲ್ಲಿ ಕತ್ತಲು ಮಾಡಿಕೊಂಡು ಕೂತಿದ್ದೆ. ಕಿಟಕಿಗೆ ಕಂಬಳಿ ಹೊದಿಸಿ, ಬಾಗಿಲ ಸಂದಿಗೆ ಹಳೇ ಪಂಚೆ ತುರುಕಿದ್ದೆ. ಮುಂದಿದ್ದ ಬಕೀಟಿನಲ್ಲಿ ಕಾಫಿ. ಕುಡಿಯುವ ಕಾಫಿಯಲ್ಲ. ಇನ್‌ಸ್ಟಂಟ್ ಕಾಫಿಪುಡಿ, ಬಟ್ಟೆ ಒಗೆಯುವ ಸೋಡಾ, ವಿಟಮಿನ್ ಸಿ ಪುಡಿ ಕಲಸಿದ ಒಂದು ಕರೀ ನೀರು. ಅದರೊಳಗೆ 100 ಅಡಿ ಉದ್ದದ ಕಪ್ಪು ಬಿಳುಪು ಫಿಲ್ಮನ್ನು ಶಾವಿಗೆಯ ಹಾಗೆ ಬಿಟ್ಟು ಕೈಯಾಡಿಸುತ್ತಿದ್ದೆ. ನಾತ ಮನೆಯಿಡೀ ಹರಡಿತ್ತು.

ಹೊರಗಿನಿಂದ ಅಜ್ಜಿಯ ದನಿ. "ಅದೇನ್ಲಾ ಮಾಡ್ತಿದೀಯ ಒಳಗೆ?"

"ಪಿಚ್ಚರ್ ತೊಳೀತಿದೀನಿ ಅಜ್ಜಿ. ಬಾಗ್ಲು ಮಾತ್ರ ತೆಗೀಬ್ಯಾಡ."

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಂದಳು: "ನಿಮ್ಮಜ್ಜಾನೂ ಹಿಂಗೇ ಬಾಗ್ಲು ತೆಗೀಬ್ಯಾಡ ಅಂದಿದ್ರು."

ನಮ್ಮ ಮನೆಯಲ್ಲಿ ಆ ಕಥೆಯನ್ನು ಯಾರೂ ಪೂರ್ತಿ ಹೇಳುವುದಿಲ್ಲ. ನಾನು ಚೂರುಚೂರಾಗಿ ಕೂಡಿಸಿಕೊಂಡದ್ದು ಇಷ್ಟು. ಅಪ್ಪ ಇನ್ನೂ ತೊಟ್ಟಿಲಲ್ಲಿದ್ದಾಗ ಊರಾಚೆಯ ಮಂಟಪದಲ್ಲಿ ಒಬ್ಬ ಬೈರಾಗಿ ಬಂದು ತಂಗಿದ್ದ. ಒಂದು ದಿನ ಅಜ್ಜನ ಕುಡುಗೋಲನ್ನು ಇಸಿದುಕೊಂಡು ನೀಲಿ ನೀರಿನ ಗಡಿಗೆಯಲ್ಲಿ ಅದ್ದಿ ತೆಗೆದ. ಕುಡುಗೋಲು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಕಬ್ಬಿಣ ತಾಮ್ರವಾಗುವುದಾದರೆ ಬೆಳ್ಳಿ ಯಾಕೆ ಬಂಗಾರವಾಗಬಾರದು? ಅಜ್ಜಿಗೆ ತವರಿನವರು ಕೊಟ್ಟಿದ್ದ ಬೆಳ್ಳಿ ಡಾಬು ಮೂಸೆಗೆ ಹೋಯಿತು. ಕೊಟ್ಟಿಗೆಯಲ್ಲಿ ಮೂರು ರಾತ್ರಿ ಬಾಗಿಲು ಹಾಕಿ ತಿದಿ ಒತ್ತಿದರು. ನಾಲ್ಕನೆಯ ಬೆಳಗ್ಗೆ ಬೈರಾಗಿಯೂ ಇಲ್ಲ, ಮೂಸೆಯೂ ಇಲ್ಲ. ಅಜ್ಜಿ ಆಮೇಲೆ ಸೊಂಟಕ್ಕೆ ಏನನ್ನೂ ಹಾಕಲಿಲ್ಲ. ಅಜ್ಜ ಸಾಯುವವರೆಗೂ ಆ ಮಾತೆತ್ತಲಿಲ್ಲವಂತೆ.

ಆ ನೀಲಿ ನೀರು ಮೈಲುತುತ್ತ. ಈಗ ನಮ್ಮ ಕಡೆ ದಾಳಿಂಬೆ ಹಾಕಿದವರೆಲ್ಲ ಸುಣ್ಣದ ಜೊತೆ ಕಲಸಿ ಬೋರ್ಡೋ ದ್ರಾವಣ ಅಂತ ಹೊಡೆಯುತ್ತಾರಲ್ಲ, ಅದೇ. ನೀರಿನಲ್ಲಿರುವ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುತ್ತದೆ, ಅಷ್ಟೇ ಕಬ್ಬಿಣ ನೀರಿಗಿಳಿಯುತ್ತದೆ. ಯಾವುದೂ ಯಾವುದೂ ಆಗಿ ಬದಲಾಗುವುದಿಲ್ಲ, ಜಾಗ ಅದಲುಬದಲು ಮಾಡಿಕೊಳ್ಳುತ್ತವೆ. ಪಿಯುಸಿಯಲ್ಲಿ ಈ ಪ್ರಯೋಗ ಮಾಡಿಸಿದ ದಿನ ನಾನು ಲ್ಯಾಬಿನಿಂದ ಎದ್ದು ಹೊರಗೆ ಹೋಗಿದ್ದೆ. ಅಜ್ಜ ಮೋಸ ಹೋದದ್ದು ಸುಳ್ಳಿಗಲ್ಲ, ಕಣ್ಣಾರೆ ಕಂಡ ನಿಜಕ್ಕೆ.

ಕುಲುಮೆ ಹಾಕಿದವರೆಲ್ಲ ಬೈರಾಗಿಗಳಲ್ಲ ಬಿಡಿ. ನಮ್ಮ ಹೊಸದುರ್ಗ ತಾಲೂಕಿನ ಮತ್ತೋಡಿನಲ್ಲಿ ಒಂದು ಕಾಲಕ್ಕೆ ಬಳೆಗೆ ಗಾಜು ಕಾಯಿಸುತ್ತಿದ್ದರು. ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ 1801ರ ಹೊತ್ತಿಗೆ ಅದನ್ನು ಬರೆದುಕೊಂಡಿದ್ದಾನೆ. ಸೋಡಾ ಮತ್ತು ಬಿಳಿಕಲ್ಲಿನ ಪುಡಿ ಬೆಂಕಿಯಲ್ಲಿ ಗಾಜಾಗುವುದು ಯಾವ ರಸವಿದ್ಯೆಗೂ ಕಡಿಮೆಯಲ್ಲ. ಆದರೆ ಅದರಿಂದ ಯಾರೂ ಮನೆ ಕಳೆದುಕೊಳ್ಳಲಿಲ್ಲವಾದ್ದರಿಂದ ಅದಕ್ಕೆ ಕಥೆಯೂ ಹುಟ್ಟಲಿಲ್ಲ.

ಸಿನಿಮಾ ಓದಲು ಬೆಂಗಳೂರಿಗೆ ಹೋದ ಮೇಲೆ ಈ ರಸವಿದ್ಯೆ ಎಂಬ ಪದ ಮತ್ತೆ ಎದುರಾಯಿತು. ಪ್ರಯೋಗಾತ್ಮಕ ಚಿತ್ರಗಳ ಬಗ್ಗೆ ಯಾರು ಬರೆದರೂ ಅದು ಬಂದೇ ಬರುತ್ತದೆ. ನನಗೆ ಸಿಟ್ಟು ಬರುತ್ತಿತ್ತು. ಹಾಗೆ ಬರೆದವರ ಮನೆಯಲ್ಲಿ ಯಾರ ಡಾಬೂ ಹೋಗಿಲ್ಲ ಅಂದುಕೊಳ್ಳುತ್ತಿದ್ದೆ. ಆದರೆ ಕೆಲವರ ವಿಷಯದಲ್ಲಿ ಆ ಪದ ಅಲಂಕಾರವಲ್ಲ. ಸ್ಟಾನ್ ಬ್ರಾಕೇಜ್ 1963ರಲ್ಲಿ ಕ್ಯಾಮೆರಾ ಮುಟ್ಟದೆ, ಸತ್ತ ಪತಂಗಗಳ ರೆಕ್ಕೆ, ಹುಲ್ಲು, ಎಲೆಗಳನ್ನು ಪಾರದರ್ಶಕ ಟೇಪಿಗೆ ಅಂಟಿಸಿ 'ಮಾತ್‌ಲೈಟ್' ಮಾಡಿದ. ಜರ್ಮನಿಯ ಬಾನ್ ನಗರದಲ್ಲಿ ಶ್ಮೆಲ್ಟ್ಸ್‌ದಾಹಿನ್ ಎಂಬ ಗುಂಪು ಫಿಲ್ಮನ್ನು ತೋಟದ ಮಣ್ಣಿನಲ್ಲಿ ಹೂಳುತ್ತಿತ್ತು. ಬೂಷ್ಟು, ಬ್ಯಾಕ್ಟೀರಿಯಾ ತಿಂದು ಬಿಟ್ಟದ್ದೇ ಚಿತ್ರ. ಆ ಗುಂಪಿನ ಯುರ್ಗೆನ್ ರೇಬ್ಲೆ 1992ರಲ್ಲಿ 'ಆಲ್ಕೆಮಿ' ಎಂದೇ ಹೆಸರಿಟ್ಟು, ಪ್ರೊಜೆಕ್ಟರಿನಲ್ಲಿ ಓಡುತ್ತಿರುವ ಫಿಲ್ಮಿಗೇ ಪ್ರೇಕ್ಷಕರೆದುರು ರಾಸಾಯನಿಕ ಹಾಕಿ, ಚಿತ್ರ ಮೂಡಿ ಕೊನೆಗೆ ನಾಶವಾಗುವ ತನಕ ತೋರಿಸಿದ.

ನಿಜಕ್ಕೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೂ ಹಳೆಯ ಸಂಗತಿ. ನಮ್ಮ ರಸಶಾಸ್ತ್ರದಲ್ಲಿ ಪಾದರಸಕ್ಕೆ 18 ಸಂಸ್ಕಾರಗಳು. ಮೊದಲ ನಾಲ್ಕು ಸ್ವೇದನ, ಮರ್ದನ, ಮೂರ್ಛನ, ಉತ್ಥಾಪನ. ಅಂದರೆ ಬೆವರಿಸು, ಅರೆ, ಮೂರ್ಛೆಗೆ ತಳ್ಳು, ಮತ್ತೆ ಎಬ್ಬಿಸು. 1839ರಲ್ಲಿ ಪ್ಯಾರಿಸ್‌ನಲ್ಲಿ ಬಹಿರಂಗವಾದ ಡಾಗೇರನ ಛಾಯಾಚಿತ್ರ ವಿಧಾನ ಹೀಗಿತ್ತು: ಬೆಳ್ಳಿ ಲೇಪಿಸಿದ ತಗಡಿಗೆ ಅಯೋಡಿನ್ ಹೊಗೆ ಹಿಡಿಸಿ ಬೆಳಕಿಗೊಡ್ಡಬೇಕು. ಆಗ ಏನೂ ಕಾಣುವುದಿಲ್ಲ. ಬಿಸಿ ಪಾದರಸದ ಆವಿ ತಾಗಿದಾಗ ಮೂರ್ಛೆ ತಿಳಿದೆದ್ದ ಹಾಗೆ ಮುಖ ಮೂಡುತ್ತದೆ. ರಸವಾದಿಗಳು ಶತಮಾನಗಟ್ಟಲೆ ಕಾಯಿಸಿದ ಅದೇ ಎರಡು ಲೋಹ! ಬಂಗಾರ ಹುಟ್ಟಲಿಲ್ಲ, ಫೋಟೋ ಹುಟ್ಟಿತು. ಕನ್ನಡದಲ್ಲಿ ಪಾದರಸಕ್ಕೂ ಕಾವ್ಯದ ಸ್ವಾದಕ್ಕೂ 'ರಸ' ಎಂಬ ಒಂದೇ ಪದವಿರುವುದು ಕಾಕತಾಳೀಯವೇ ಇರಬಹುದು. ಆ ದಿನ ಹಾಗನ್ನಿಸಲಿಲ್ಲ.

ಬಕೀಟಿನಲ್ಲಿದ್ದ ಫಿಲ್ಮಿಗೆ ಬರುತ್ತೇನೆ. ಗೆಳೆಯನೊಬ್ಬನ ಬೋಲೆಕ್ಸ್ ಕ್ಯಾಮೆರಾ ಎರವಲು ತಂದಿದ್ದೆ. ಗಡಿಯಾರದ ಹಾಗೆ ಕೀಲಿ ಕೊಡಬೇಕು, ಒಂದು ಕೀಲಿಗೆ ಸುಮಾರು 28 ಸೆಕೆಂಡು ಓಡುತ್ತದೆ. 100 ಅಡಿ ಅಂದರೆ 16 ಎಂಎಂನಲ್ಲಿ ಮೂರು ನಿಮಿಷಕ್ಕೂ ಕಡಿಮೆ. ಅದಕ್ಕಿಂತ ಹೆಚ್ಚು ಕೊಳ್ಳುವ ತಾಕತ್ತಿರಲಿಲ್ಲ. ಅಜ್ಜಿ ಹಿತ್ತಲಲ್ಲಿ ಕೂದಲು ಬಾಚಿಕೊಳ್ಳುವುದನ್ನು ತೆಗೆದೆ. ಆಮೇಲೆ, ಹೇಗೆ ಧೈರ್ಯ ಬಂತೋ, "ಡಾಬು ಹೆಂಗಿತ್ತಜ್ಜಿ?" ಎಂದು ಕೇಳಿಬಿಟ್ಟೆ. ಅವಳು ಎದ್ದು ನಿಂತಳು. ಸೀರೆಯ ಮೇಲೆ ಎರಡೂ ಕೈ ಸವರುತ್ತಾ ಪಟ್ಟಿ ಎಷ್ಟಗಲ, ಮುಂದಿನ ಬಿಲ್ಲೆಯ ಮೇಲೆ ಏನು ಕೆತ್ತಿತ್ತು, ಹಿಂದೆ ಎಲ್ಲಿ ಒತ್ತುತ್ತಿತ್ತು ಎಲ್ಲ ತೋರಿಸಿದಳು. ಎರಡು ಕೀಲಿ ಅದಕ್ಕೇ ಮುಗಿಯಿತು.

ಕಾಫಿಯಲ್ಲಿ ಫಿಲ್ಮು ತೊಳೆಯುವುದು ನನ್ನ ಹುಚ್ಚಲ್ಲ. 1995ರಲ್ಲಿ ಅಮೆರಿಕದ ರಾಚೆಸ್ಟರ್ ತಂತ್ರಜ್ಞಾನ ಸಂಸ್ಥೆಯ ತರಗತಿಯೊಂದರಲ್ಲಿ ಕಂಡುಕೊಂಡದ್ದು. ಲೀಟರಿಗೆ 54 ಗ್ರಾಂ ಸೋಡಾ, 16 ಗ್ರಾಂ ವಿಟಮಿನ್ ಸಿ, 40 ಗ್ರಾಂ ಕಾಫಿಪುಡಿ. 20 ಡಿಗ್ರಿ ನೀರಿನಲ್ಲಿ 15 ನಿಮಿಷ. ನಮ್ಮೂರಿನ ಏಪ್ರಿಲ್‌ನಲ್ಲಿ 20 ಡಿಗ್ರಿ ಎಲ್ಲಿಂದ ತರುವುದು? ಮಣ್ಣಿನ ಗಡಿಗೆಯಲ್ಲಿ ತಣ್ಣಗಿಟ್ಟ ನೀರು ಕಾಫಿಗೆ ಸಾಕಾಯಿತು. ಕೊನೆಗೆ ತೊಳೆಯಲು ಸಾಲಲಿಲ್ಲ. ಮಾಳಿಗೆ ಮೇಲಿನ ಟ್ಯಾಂಕಿನ ನಲ್ಲಿ ತಿರುಗಿಸಿದೆ. ನೀರು ರಾತ್ರಿಯಲ್ಲೂ ಕಾದೇ ಇತ್ತು. ಫಿಲ್ಮಿನ ಮೇಲೆ ಬೆಳ್ಳಿಯ ಕಣಗಳನ್ನು ಹಿಡಿದಿಟ್ಟಿರುವುದು ಜೆಲಟಿನ್. (ಎಲುಬು, ಚರ್ಮ ಬೇಯಿಸಿ ತೆಗೆದ ಅಂಟು, ಇದೊಂದನ್ನು ಅಜ್ಜಿಗೆ ಹೇಳಿಲ್ಲ.) ಸೋಡಾದಲ್ಲಿ ಉಬ್ಬಿ ಮೆತ್ತಗಾಗಿದ್ದ ಅದು ಬಿಸಿನೀರಿಗೆ ಹಾಲಿನ ಕೆನೆಯ ಹಾಗೆ ಜಾರಿ ನನ್ನ ಬೆರಳಿಗೆ ಬಂತು. ದೀಪ ಹಾಕಿದಾಗ 86 ಅಡಿ ಬರೀ ಪಾರದರ್ಶಕ ಪ್ಲಾಸ್ಟಿಕ್ಕು. ಉಳಿದ 14 ಅಡಿ, ಅಂದರೆ 560 ಚೌಕ, 23 ಸೆಕೆಂಡು. ಅದರಲ್ಲಿ ಡಾಬು ಇರಲಿಲ್ಲ.

ಬೆಳಗ್ಗೆ ತೆಂಗಿನ ಮರಗಳ ನಡುವಿನ ಬಟ್ಟೆ ತಂತಿಯ ಮೇಲೆ ಅದನ್ನು ಒಣಹಾಕಿ, ಅಜ್ಜಿಗೆ ಹೇಳಿದೆ. ಕೈ ಸವರಿ ತೋರಿಸಿದ್ದು ಹೋಯಿತು, ತಪ್ಪು ನನ್ನದೇ ಎಂದೆ. ಅವಳು ಫಿಲ್ಮಿನ ತುದಿಯನ್ನು ಆಕಾಶಕ್ಕೆ ಹಿಡಿದು ಬಹಳ ಹೊತ್ತು ನೋಡಿದಳು. ನೆಗೆಟಿವ್ ಅದು.

"ನನ್ನ ಕೂದ್ಲು ಕಪ್ಪಗಾಗೈತಲ್ಲೋ!"

ರಸಶಾಸ್ತ್ರದಲ್ಲಿ ಲೋಹವೇಧ, ದೇಹವೇಧ ಅಂತ ಎರಡಿವೆ. ಒಂದು ಲೋಹವನ್ನು ಬಂಗಾರ ಮಾಡುವುದು, ಇನ್ನೊಂದು ಮುಪ್ಪು ಕಳೆದು ದೇಹವನ್ನು ಗಟ್ಟಿ ಮಾಡುವುದು. ಗೋರಕ್ಷ ಸಾಧಿಸಿದ್ದು ಎರಡನೆಯದನ್ನು. ಕತ್ತಿ ಬೀಸಿದರೆ ಖಣಿಲೆನ್ನುವ ವಜ್ರಕಾಯ. ಅದೇ ಕತ್ತಿಯನ್ನು ಅವನು ಅಲ್ಲಮನ ಮೇಲೆ ಬೀಸಿದಾಗ ಬಯಲಲ್ಲಿ ಆಡಿದ ಹಾಗೆ ಆರಪಾರ ಹೋಯಿತು ಎಂಬುದನ್ನು ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಪ್ರೊಜೆಕ್ಟರಿನ ಬೆಳಕಿಗೆ ಕೈ ಅಡ್ಡ ಹಿಡಿದಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ಅಜ್ಜಿಗೆ ಇದನ್ನೆಲ್ಲ ಹೇಳಹೊರಟೆ. ಅವಳ ಪ್ರಶ್ನೆಯೇ ಬೇರೆ ಇತ್ತು.

"ಇದ್ರಾಗೆ ಬೆಳ್ಳಿ ಐತೆ ಅಂದ್ಯಲ್ಲ. ನಿಜವಾಗ್ಲೂ ಐತಾ?"

ಇತ್ತು. ಹಳೆಯ ಕಪ್ಪು ಬಿಳುಪು ಚಿತ್ರಗಳ ರೀಲುಗಳನ್ನು ನಮ್ಮ ದೇಶದಲ್ಲಿ ಬೆಳ್ಳಿಗಾಗಿಯೇ ಮಾರಿ ಕರಗಿಸಿದ್ದಾರೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ'ದ ಒಂದು ಪ್ರತಿಯೂ ಇವತ್ತು ಸಿಗುವುದಿಲ್ಲ. ಹೀಗೆ ಕರಗಿದ ಎಷ್ಟು ಚಿತ್ರಗಳ ಬೆಳ್ಳಿ ಯಾರ ಕಾಲುಚೈನಾಯಿತೋ, ಯಾರ ಡಾಬಾಯಿತೋ. ಇದನ್ನು ಹೇಳಿದಾಗ ಅಜ್ಜಿ, "ನಂದ್ಯಾವುದರಾಗೆ ಹೋತೋ" ಎಂದಳು.

ಫಿಲ್ಮು ತೊಳೆದ ಹೈಪೋ ನೀರಿನಲ್ಲಿ ಒಂದಿಷ್ಟು ಬೆಳ್ಳಿ ಕರಗಿ ಉಳಿದಿರುತ್ತದೆ. ಪಾತ್ರೆ ತಿಕ್ಕುವ ಕಬ್ಬಿಣದ ನಾರನ್ನು ಅದರಲ್ಲಿ ಹಾಕಿಟ್ಟರೆ ಕಬ್ಬಿಣ ಕರಗುತ್ತಾ ಬೆಳ್ಳಿ ತಳಕ್ಕಿಳಿಯುತ್ತದೆ. ಬೈರಾಗಿಯ ಕುಡುಗೋಲಿನ ಆಟವೇ. ಅಜ್ಜಿಯೆದುರು ಹಾಗೆ ಮಾಡುವುದೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಕೊನೆಗೆ ಅವಳೇ ಉಪ್ಪಿನಕಾಯಿಯ ಖಾಲಿ ಗಾಜಿನ ಭರಣಿ ತಂದುಕೊಟ್ಟಳು. ಬಾಗಿಲು ಹಾಕಲಿಲ್ಲ, ಪಡಸಾಲೆಯಲ್ಲೇ ಕೂತು ಹಾಕಿದೆವು.

ವಾರಕ್ಕೆ ಭರಣಿಯ ತಳದಲ್ಲಿ ಕರೀ ಕೆಸರಿನಂಥದ್ದು ಕೂತಿತು. ಕರಗಿಸಿದರೆ ಸಾಸಿವೆ ಕಾಳಿನಷ್ಟೂ ಬೆಳ್ಳಿ ಬರಲಿಕ್ಕಿಲ್ಲ ಎಂದೆ.

"ಕರಗಿಸ್ಬ್ಯಾಡ ಬಿಡು" ಎಂದಳು. ಭರಣಿ ಈಗ ದೇವರ ಗೂಡಿನ ಪಕ್ಕದಲ್ಲಿದೆ. ನಾನು ಬೆಂಗಳೂರಿನಿಂದ ಫೋನ್ ಮಾಡಿದಾಗ ಒಂದೊಂದು ಸಲ, "ಅಲುಗಾಡಿಸಿ ನೋಡ್ದೆ ಕಣೋ, ಅಂಗೇ ಐತೆ" ಅನ್ನುತ್ತಾಳೆ. ಇನ್ನೊಂದು 100 ಅಡಿಗೆ ದುಡ್ಡು ಕೂಡಿಸುತ್ತಿದ್ದೇನೆ. ಈ ಸಲ ಡಿಸೆಂಬರಿನಲ್ಲಿ, ತಣ್ಣೀರಿರುವಾಗ ತೆಗೆಯುತ್ತೇನೆ ಎಂದು ಹೇಳಿದ್ದೇನೆ. ಆ ಹೊತ್ತಿಗೆ ಹೊಸ ಸೀರೆ ಬೇಕಂತೆ, ಡಾಬು ತೋರಿಸಲು ಹಳೇ ಸೀರೆ ಸರಿಹೋಗಲಿಲ್ಲವಂತೆ.